ರವಿವಾರದ ಸಂತೆ

ಸಂತೆಯೆಂದರೆ ಗದ್ದಲವೆಂದೇ ನಮ್ಮಲ್ಲಿ ಅರ್ಥ. ತರಗತಿಯಲ್ಲಿ ನಾಲ್ವರು ಕೂಡಿ ಮಾತನಾಡಿದರೆ ಸಾಕು, "ಇದೇನು ಸಂತೆಯೇ?" ಎಂದು ಗುರುಗಳು ಗದರಿಸುತ್ತಾರೆ. ಸಂತೆಯ ಹೊತ್ತಿಗೆ ಮೂರು ಮೊಳ ನೇಯುವುದಂತೂ ಪರೀಕ್ಷೆಯ ಹಿಂದಿನ ರಾತ್ರಿ ನಮ್ಮಲ್ಲಿ ಅನೇಕರು ಮಾಡುವ ಉದ್ಯೋಗ. ಹೀಗೆ ಗಾದೆಯಲ್ಲಿಯೂ ಗದರಿಕೆಯಲ್ಲಿಯೂ ಹೆಸರು ಕೆಡಿಸಿಕೊಂಡಿರುವ ಸಂತೆಯ ಪರವಾಗಿ ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಬಹುದಿನದ ಆಸೆ. ಅದಕ್ಕೆ ಕಾರಣವೂ ಉಂಟು. ನಾನು ಈ ಕಾಲೇಜಿನಲ್ಲಿ ಮೂರು ವರ್ಷ ಓದಿದ್ದು ಸಂತೆಯ ದುಡ್ಡಿನಿಂದ.

ಕಾರವಾರದಲ್ಲಿ ಸಂತೆ ನೆರೆಯುವುದು ರವಿವಾರ. ವಸತಿಗೃಹದಲ್ಲಿ ನಾವು ಇನ್ನೂ ಹೊದಿಕೆಯೊಳಗೆ ಇರುವಾಗಲೇ ಬೀದಿಯ ಇಕ್ಕೆಲಗಳಲ್ಲಿ ಗೋಣಿತಟ್ಟು ಹಾಸಿಯಾಗಿರುತ್ತದೆ. ಹುಬ್ಬಳ್ಳಿ, ಬೆಳಗಾವಿಗಳ ಕಡೆಯಿಂದ ಲಾರಿಯಲ್ಲಿ ಬಂದ ಬಟಾಟೆ, ಉಳ್ಳಾಗಡ್ಡೆ, ಕೋಬೀಜು, ಟೊಮೆಟೊ ರಾಶಿಗಳದು ಒಂದು ಸಾಲು. ಇದು ದೊಡ್ಡ ದನಿಯ ಸಾಲು. ಇಲ್ಲಿ ವಸ್ತುವಿಗಿಂತ ಮೊದಲು ಅದರ ಬೆಲೆ ನಮ್ಮ ಕಿವಿಗೆ ಬೀಳುತ್ತದೆ. ಅಂಕೋಲೆಯ ಕಡೆಯಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಬುಟ್ಟಿ ಹೊತ್ತು ಬಂದ ಹಾಲಕ್ಕಿ ಒಕ್ಕಲ ಹೆಂಗಸರದು ಇನ್ನೊಂದು ಸಾಲು. ಇವರು ಕೂಗುವುದಿಲ್ಲ. ಕೊರಳ ತುಂಬ ಮಣಿಸರ, ಮುಂದೆ ಬಸಳೆ, ಹರಿವೆ, ಎಳೆಯ ಬೆಂಡೆ, ಹೀರೆ, ಸೌತೆ. ಬೇಕಾದವರು ಬಂದೇ ಬರುತ್ತಾರೆ ಎಂಬ ಧೈರ್ಯ ಅವರ ಮುಖದಲ್ಲಿ ಇರುತ್ತದೆ. ಘಟ್ಟದ ಮೇಲಿನಿಂದ ಇಳಿದು ಬಂದವರದು ಮೂರನೆಯ ಸಾಲು; ಸಾಲೆನ್ನುವುದಕ್ಕಿಂತ ಮೂಲೆ ಎಂದರೆ ಸರಿಯಾದೀತು. ಚಳಿಗಾಲದ ರವಿವಾರಗಳಲ್ಲಿ ಆ ಮೂಲೆಯಲ್ಲಿ ನನ್ನ ಆಯಿ ಕುಳಿತಿರುತ್ತಾಳೆ.

ನಮ್ಮದು ಗಣೇಶಗುಡಿ. ನಾವು ಕುಣಬಿಗಳು, ಮನೆಯ ಮಾತು ಕೊಂಕಣಿ, ಶಾಲೆಯ ಮಾತು ಕನ್ನಡ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿ 184 ಕಿಲೋಮೀಟರು ಹರಿದು ಇದೇ ಕಾರವಾರದಲ್ಲಿ ಕಡಲು ಸೇರುತ್ತದೆ. ಹುಟ್ಟುವುದೂ ಕೊನೆಗಾಣುವುದೂ ಒಂದೇ ಜಿಲ್ಲೆಯಲ್ಲಿ. ನಮ್ಮ ಊರಿನ ಬಳಿ ಆ ನದಿಗೆ 101 ಮೀಟರು ಎತ್ತರದ ಸೂಪಾ ಅಣೆಕಟ್ಟನ್ನು ಕಟ್ಟಿದ್ದಾರೆ. ಅದು 1987ರಲ್ಲಿ ಪೂರ್ಣವಾಯಿತು. ತಾಲೂಕಿನ ಮುಖ್ಯ ಪೇಟೆಯಾಗಿದ್ದ ಸೂಪಾ ಹಿನ್ನೀರಿನಲ್ಲಿ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು. ಜನರು ರಾಮನಗರಕ್ಕೂ ಬೇರೆಡೆಗಳಿಗೂ ಚದುರಿದರು. ನನ್ನ ಅಜ್ಜಿಯ ಗದ್ದೆಯೂ ಆ ನೀರಿನ ತಳದಲ್ಲಿದೆ. ಮನೆ ಬಿಡುವಾಗ ಆಕೆ ಹೊತ್ತು ತಂದದ್ದು ಒಂದು ತಾಮ್ರದ ಹಂಡೆ ಮತ್ತು ಎರಡು ಬುಟ್ಟಿ ಗೆಡ್ಡೆಯ ಬೀಜ. ಹಂಡೆ ನನ್ನ ಹೈಸ್ಕೂಲಿನ ಕಾಲಕ್ಕೆ ಮಾರಾಟವಾಯಿತು. ಬೀಜ ಇನ್ನೂ ಇದೆ.

ಈ ಗೆಡ್ಡೆಗಳ ಹೆಸರನ್ನು ಘಟ್ಟದ ಕೆಳಗಿನ ಸಹಪಾಠಿಗಳಲ್ಲಿ ಹಲವರು ಕೇಳಿರಲಾರರು. ದೊಡ್ಡದು ಮುಡ್ಲಿ, ಕೆಸುವಿನ ಕುಲದ್ದು. ಒಳ್ಳೆಯ ಮಣ್ಣಿನಲ್ಲಿ ಬೆಳೆದ ಒಂದು ಮುಡ್ಲಿಯನ್ನು ಎತ್ತಲು ಎರಡು ಕೈ ಬೇಕು. ಇನ್ನು ಕೋನ, ಕಣಗಾ ಮುಂತಾದವು ಬಳ್ಳಿಯ ಬುಡದಲ್ಲಿ ಬೆಳೆಯುವಂಥವು. ಮಳೆಯ ಮೊದಲು ನೆಟ್ಟರೆ ಚಳಿಗಾಲದಲ್ಲಿ ಅಗೆಯಬಹುದು. ಇವಕ್ಕೆ ಗೊಬ್ಬರದಂಗಡಿಯ ಸಾಲ ಬೇಕಿಲ್ಲ; ಆದರೆ ಕಾಡುಹಂದಿಗೆ ಇವುಗಳ ರುಚಿ ನಮಗಿಂತ ಚೆನ್ನಾಗಿ ಗೊತ್ತು. ಈಚಿನ ವರ್ಷಗಳಲ್ಲಿ ಜೋಯಿಡಾದಲ್ಲಿ ಗೆಡ್ಡೆಗೆಣಸಿನ ಮೇಳವೇ ನಡೆಯುತ್ತಿದೆ. ದೂರದ ಊರಿನವರು ಬಂದು ಕೊಳ್ಳುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ಮೇಳ ವರ್ಷಕ್ಕೊಮ್ಮೆ, ಹೊಟ್ಟೆ ದಿನಕ್ಕೆರಡು ಸಲ. ನಡುವಿನ ದಿನಗಳಿಗೆ ಸಂತೆಯೇ ಗತಿ.

ಆಯಿ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ, ಅಣಶಿ ಘಟ್ಟ ಇಳಿದು, ಕದ್ರಾ ದಾಟಿ ಕಾರವಾರಕ್ಕೆ ಬರುತ್ತಾಳೆ. ರಾತ್ರಿ ಪರಿಚಿತರೊಬ್ಬರ ಜಗಲಿಯಲ್ಲಿ ಮಲಗುತ್ತಾಳೆ. ಬೆಳಿಗ್ಗೆ ನಾನು ವಸತಿಗೃಹದಿಂದ ಹೋಗಿ ತಕ್ಕಡಿ ಹಿಡಿಯುತ್ತೇನೆ. ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ ಮತ್ತು ಪೂರೈಕೆಯ ಗೆರೆಗಳು ಒಂದನ್ನೊಂದು ಕತ್ತರಿಸುವ ಬಿಂದುವೇ ಬೆಲೆಯೆಂದು ಕಲಿತಿದ್ದೇವಷ್ಟೆ. ಸಂತೆಯಲ್ಲಿ ಆ ಬಿಂದು ಗಂಟೆಗೊಮ್ಮೆ ಜಾಗ ಬದಲಿಸುತ್ತದೆ. ಎಂಟು ಗಂಟೆಗೆ ಕಿಲೋಕ್ಕೆ 80 ರೂಪಾಯಿ ಇದ್ದದ್ದು ಬಿಸಿಲೇರಿದಂತೆ ಇಳಿಯುತ್ತ, ಕೊನೆಯ ಬಸ್ಸಿನ ಹೊತ್ತಿಗೆ 30ಕ್ಕೆ ಬಂದು ನಿಲ್ಲುತ್ತದೆ. ಕೊನೆಯ ಬಸ್ಸು ಯಾವಾಗ ಎಂಬುದು ಗಿರಾಕಿಗಳಿಗೆ ಸರಿಯಾಗಿ ಗೊತ್ತಿರುತ್ತದೆ. ಪಠ್ಯಪುಸ್ತಕದಲ್ಲಿ ಮಾತ್ರ ಬಸ್ಸಿನ ಪ್ರಸ್ತಾಪವಿಲ್ಲ.

ಆಯಿಯ ಪಕ್ಕದಲ್ಲಿ ಕೂಡುವವಳು ಅಂಕೋಲೆಯ ಕಡೆಯ ಹಾಲಕ್ಕಿ ಮುದುಕಿ. ಆಕೆಗೆ ಕೊಂಕಣಿ ಅಷ್ಟಕ್ಕಷ್ಟೆ, ಆಯಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಇಬ್ಬರ ಮಾತು ಮುಗಿಯುವುದನ್ನು ನಾನು ಕಂಡಿಲ್ಲ. "ತಂಗೀ, ನಿನ್ನ ಮಗಳು ಎಷ್ಟು ಓದಿತು?" ಎಂದು ಪ್ರತಿ ಸಲ ಕೇಳುತ್ತಾಳೆ. ಆಯಿ ಪ್ರತಿ ಸಲವೂ "ಮುಗಿಯುತ್ತ ಬಂತು, ಅಕ್ಕಾ" ಎನ್ನುತ್ತಾಳೆ. ಈ ಮುದುಕಿಯ ಸಮುದಾಯದವರೇ ಆದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. ಆ ಮಾತು ತೆಗೆದರೆ ಮುದುಕಿಯ ಮುಖ ಅರಳುತ್ತದೆ. ಆದರೆ ಕೈ ಬಸಳೆಯ ಕಟ್ಟು ಕಟ್ಟುವುದನ್ನು ನಿಲ್ಲಿಸುವುದಿಲ್ಲ.

ಕರಾವಳಿಯ ಸಂತೆಗೆ ಪಂಚಾಂಗ ಬೇಕಿಲ್ಲ. ಬುಟ್ಟಿ ನೋಡಿದರೆ ತಿಂಗಳು ತಿಳಿಯುತ್ತದೆ. ಮುಡ್ಲಿ ಬಂದರೆ ಚಳಿ. ಕುಮಟೆಯ ಸಿಹಿ ಉಳ್ಳಾಗಡ್ಡೆಯ ಜಡೆಗಳು ತೂಗಿದರೆ ಬೇಸಗೆ. ಅಂಕೋಲೆಯ ಕರಿ ಈಶಾಡ ಮಾವು ಬಂದರೆ ಮಳೆ ದೂರವಿಲ್ಲ. 2023ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಪಡೆದ ಹಣ್ಣು ಅದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಒಣಮೀನಿನ ರಾಜ್ಯ. ಘಟ್ಟದ ಮೇಲಿನವರು ಮಳೆಗಾಲಕ್ಕೆಂದು ಒಣಮೀನನ್ನೂ ಉಪ್ಪನ್ನೂ ಕಟ್ಟಿಕೊಂಡು ಹೋಗುವುದು ಅಜ್ಜಿಯ ಕಾಲದಿಂದಲೂ ನಡೆದು ಬಂದ ಪದ್ಧತಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಈ ವರ್ಷ ಎದ್ದ ಚರ್ಚೆಯನ್ನು ಹೇಳದಿದ್ದರೆ ಬರಹ ಅರ್ಧವಾದೀತು. ಗಣೇಶಗುಡಿಯಲ್ಲಿ ಈಗ ಕಾಳಿಯ ನೊರೆನೀರಿನಲ್ಲಿ ರಬ್ಬರು ದೋಣಿ ಬಿಡುವ ಆಟಕ್ಕೆ ಪ್ರವಾಸಿಗರು ತಂಡತಂಡವಾಗಿ ಬರುತ್ತಾರೆ. ಅವರು ಇಳಿದುಕೊಳ್ಳುವ ಒಂದು ವಸತಿಯಲ್ಲಿ ಅಪ್ಪನಿಗೆ ತಿಂಗಳ ಸಂಬಳದ ಕೆಲಸ ಕರೆದು ಕೊಟ್ಟರು. ಜೊತೆಗೆ ಊರಿಗೆ ಒಬ್ಬ ದಲ್ಲಾಳಿ ಬಂದು, ಅಗೆದ ಮುಡ್ಲಿಯನ್ನು ಅಂಗಳದಲ್ಲಿಯೇ ಕಿಲೋಕ್ಕೆ 40 ರೂಪಾಯಿಯಂತೆ ಕೊಂಡು ಗೋವೆಗೆ ಒಯ್ಯುತ್ತೇನೆಂದ. ಸಂತೆ ನೆರೆಯುವ ಮೊದಲೇ ಗಂಟುಕಳ್ಳರು ನೆರೆದರೆಂದು ಗಾದೆಯಿದೆಯಾದರೂ ಈತ ಕಳ್ಳನಲ್ಲ. ತಕ್ಕಡಿ ಸರಿಯಾಗಿತ್ತು, ದುಡ್ಡೂ ಕೈಮೇಲೆ ಕೊಡುತ್ತಿದ್ದ. ಸಂತೆ ಬಿಟ್ಟುಬಿಡು, ಬರುವ ವರ್ಷ ಗೆಡ್ಡೆಯನ್ನೂ ಬಿಡೋಣ ಎಂದು ಅಪ್ಪ ಹೇಳಿದ. ಲೆಕ್ಕ ಮಾಡುವ ಕೆಲಸ ಪದವಿಯ ಹೊಸ್ತಿಲಲ್ಲಿರುವ ನನಗೆ ಬಂತು.

ನಾನು ಒಂದು ರವಿವಾರದ ಲೆಕ್ಕವನ್ನು ಟಿಪ್ಪಣಿಯ ಪುಸ್ತಕದಲ್ಲಿ ಬರೆದೆ. ತಂದದ್ದು 24 ಕಿಲೋ. 80ರ ದರದಲ್ಲಿ ಹೋದದ್ದು 19 ಕಿಲೋ, ಅದು 1520 ರೂಪಾಯಿ. ಉಳಿದ 5 ಕಿಲೋ 30ರಂತೆ 150. ಒಟ್ಟು 1670. ಗಂಟಿನ ಸಾಗಾಟ, ಕೂಡುವ ಜಾಗದ ಸುಂಕ, ಚಹಾ, ಊಟ ಕೂಡಿ 140 ಖರ್ಚು. ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ 2023ರ ಜೂನ್ 11ರಿಂದ ಉಚಿತವಾಗಿರುವುದರಿಂದ ಚೀಟಿಯ ದುಡ್ಡು ಉಳಿಯಿತು. ಅದಿಲ್ಲವಾಗಿದ್ದರೆ ಈ ಚರ್ಚೆ ಎಂದೋ ಮುಗಿಯುತ್ತಿತ್ತು. ಕೈಗೆ ಉಳಿದದ್ದು 1530. ಅದೇ 24 ಕಿಲೋವನ್ನು ದಲ್ಲಾಳಿಗೆ ಕೊಟ್ಟಿದ್ದರೆ 960. ಅಂತರ 570 ರೂಪಾಯಿ. ಅದಕ್ಕಾಗಿ ಎರಡು ದಿನ. "ದಿನಕ್ಕೆ 285. ಇದಕ್ಕಿಂತ ಕೂಲಿಯೇ ವಾಸಿ" ಎಂದ ಅಪ್ಪ. ಅಂಕೆಗಳೆಲ್ಲ ಆತನ ಪಕ್ಷದಲ್ಲಿದ್ದವು.

ಆಯಿ ಓದಿದವಳಲ್ಲ. ನಾನು ಲೆಕ್ಕ ಓದಿ ಹೇಳುವ ತನಕ ಸುಮ್ಮನೆ ಕೇಳಿ, ಆಮೇಲೆ ಕೇಳಿದಳು: "ದಲ್ಲಾಳಿ ಕೋನ ಒಯ್ಯುತ್ತಾನೋ? ಕಣಗಾ? ಸೊಟ್ಟ ಮುಡ್ಲಿ?" ಇಲ್ಲ, ಆತನಿಗೆ ದೊಡ್ಡ, ನೆಟ್ಟಗಿನ ಮುಡ್ಲಿ ಮಾತ್ರ ಬೇಕು. "ಹಾಗಾದರೆ ಎರಡು ವರ್ಷದಲ್ಲಿ ಹೊಲದಲ್ಲಿ ಅದೊಂದೇ ಉಳಿಯುತ್ತದೆ. ಅದಕ್ಕೆ ರೋಗ ಬಂದ ವರ್ಷ ಏನು ಉಣ್ಣುವುದು?" ಇದಾದ ಮೇಲೆ ಆಕೆ ಇನ್ನೊಂದು ಸಂಗತಿ ಹೇಳಿದಳು. ಎರಡು ವರ್ಷದ ಹಿಂದೆ ಹಂದಿಗಳು ನುಗ್ಗಿ ನಮ್ಮ ಕಣಗಾದ ಬೀಜವೇ ಅಳಿದುಹೋಗಿತ್ತು. ಅದನ್ನು ಮರಳಿ ಕೊಟ್ಟವಳು ಪಕ್ಕದ ಬುಟ್ಟಿಯ ಹಾಲಕ್ಕಿ ಮುದುಕಿ. ಹಿಂದೊಮ್ಮೆ ಆಯಿಯಿಂದಲೇ ಒಯ್ದು ತನ್ನ ಹಿತ್ತಲಲ್ಲಿ ನೆಟ್ಟಿದ್ದಳಂತೆ. ಅಜ್ಜಿ ಸೂಪಾದಿಂದ ಹೊತ್ತು ತಂದ ಬೀಜ ಹೀಗೆ ಘಟ್ಟ ಇಳಿದು, ಕಡಲ ದಂಡೆಯಲ್ಲಿ ಬೆಳೆದು, ಮರಳಿ ಮನೆಗೆ ಬಂದಿತ್ತು. ನನ್ನ ಟಿಪ್ಪಣಿಯ ಪುಸ್ತಕದಲ್ಲಿ ಇದಕ್ಕೆ ಅಂಕಣವಿರಲಿಲ್ಲ.

ಬೆಲೆಯ ವಿಷಯದಲ್ಲಿ ಅಪ್ಪ ಹೇಳಿದ್ದು ಸುಳ್ಳಲ್ಲ. ಆಯಿಯ ಬೆನ್ನುನೋವೂ ಸುಳ್ಳಲ್ಲ. ಸಂತೆಯನ್ನು ಹಾಡಿ ಹೊಗಳುವುದು ಬುಟ್ಟಿ ಹೊರದವರಿಗೆ ಸುಲಭ. ಆದರೆ ಅಂಗಳದಲ್ಲಿ ಒಬ್ಬನೇ ಗಿರಾಕಿಯಿದ್ದರೆ ಬೆಲೆ ಅವನದು. ಬೀದಿಯಲ್ಲಿ ನೂರು ಗಿರಾಕಿಗಳಿದ್ದರೆ ಅರ್ಧವಾದರೂ ನಮ್ಮದು. ದಲ್ಲಾಳಿ ಇಂದು 40 ಕೊಡುವುದು ಸಂತೆಯಲ್ಲಿ 80 ಇರುವುದರಿಂದ. ಎಲ್ಲರೂ ಸಂತೆ ಬಿಟ್ಟ ಮರುವರ್ಷ ಆತ ಎಷ್ಟು ಕೊಟ್ಟಾನು? ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಕೇಂದ್ರ ಸರಕಾರದ ಕಾಯಿದೆ ಬಂದಿದೆ. ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಎಂದು ಅದರಲ್ಲಿದೆ. ಇದನ್ನು ಆ ಮೂಲೆಯ ಹೆಂಗಸರಿಗೆ ಓದಿ ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಓದಿ ಹೇಳಿದೆ. "ಮೊದಲು ನೆರಳಿಗೊಂದು ಮಾಡು ಕೇಳು ತಂಗೀ" ಎಂದಳು ಮುದುಕಿ. ಅರ್ಜಿಯನ್ನು ಕನ್ನಡದಲ್ಲಿ ಬರೆದಿದ್ದೇನೆ. ಹನ್ನೊಂದು ಹೆಬ್ಬೆಟ್ಟು, ನಾಲ್ಕು ಸಹಿ ಬಿದ್ದಿವೆ.

ಮನೆಯಲ್ಲಿ ಕೊನೆಗೆ ರಾಜಿಯಾಯಿತು. ಅಪ್ಪ ಸಂಬಳದ ಕೆಲಸಕ್ಕೆ ಹೋಗುತ್ತಾನೆ. ದೊಡ್ಡ ಮುಡ್ಲಿಯಲ್ಲಿ ಅರ್ಧ ದಲ್ಲಾಳಿಗೆ, ಅರ್ಧವೂ ಉಳಿದ ಜಾತಿಗಳೆಲ್ಲವೂ ಸಂತೆಗೆ. ಆಯಿ ಬರುವುದು ಎರಡು ವಾರಕ್ಕೊಮ್ಮೆ. ನನ್ನ ಪದವಿ ಮುಗಿದ ಮೇಲೆ ನಾನು ಸಂತೆಯಲ್ಲಿ ಕೂಡಬಾರದೆಂಬುದು ಆಯಿಯ ಹಟ. ಬೀಜ ಕಾಯುವ ವಿದ್ಯೆಯನ್ನಾದರೂ ಕಲಿಸಬೇಕೆಂಬುದು ನನ್ನ ಹಟ. ಈ ಎರಡರಲ್ಲಿ ಯಾವುದು ಗೆದ್ದೀತೋ ನೋಡಬೇಕು. ಸದ್ಯಕ್ಕಂತೂ ಪರೀಕ್ಷೆಯ ಮರುದಿನ ಹಂದಿಯ ಬೇಲಿ ಕಟ್ಟಲು ಬಾ ಎಂದು ಕರೆ ಬಂದಿದೆ.

ಸಹಪಾಠಿ ಮಿತ್ರರಲ್ಲಿಯೂ ಗುರುಗಳಲ್ಲಿಯೂ ಒಂದೇ ವಿನಂತಿ. ಚೌಕಾಸಿ ಮಾಡಬೇಡಿರೆಂದು ಹೇಳಲಾರೆ. ಚೌಕಾಸಿ ಇಲ್ಲದ ಸಂತೆ ಒಗ್ಗರಣೆಯಿಲ್ಲದ ಸಾರು. ಆದರೆ ಮಾಡುವುದಿದ್ದರೆ ಬೆಳಿಗ್ಗೆ ಎಂಟಕ್ಕೆ ಬಂದು ಮಾಡಿರಿ. ಕೊನೆಯ ಬಸ್ಸಿನ ಹೊತ್ತಿಗೆ ಬೇಡ.