ದನಿ ಏರಿಸುವ ಮುನ್ನ

ಮಗಳು ಬಂದು ನನ್ನ ಕೈಯಿಂದ ಮೌಸ್ ಕಿತ್ತುಕೊಂಡಳು. ‘ಅಪ್ಪಾ, ಕಿವಿಗೆ ಚುಚ್ಚುತ್ತಿದೆ, ಕಡಿಮೆ ಮಾಡಿ.’ ನನಗಾದರೋ ಅದು ಇನ್ನೂ ಸಾಲದೆನಿಸುತ್ತಿತ್ತು.

ತೊಂಬತ್ತರ ದಶಕದ ವೀಡಿಯೊ ಗೇಮ್ ಪೆಟ್ಟಿಗೆ ನಿಮಗೂ ನೆನಪಿರಬಹುದು. ಟಿವಿಗೆ ಜೋಡಿಸಿ ಕ್ಯಾಸೆಟ್ ತುರುಕುವುದು, ಆಟ ಬಾರದಿದ್ದರೆ ಊದಿ ಮತ್ತೆ ತುರುಕುವುದು. ಅದು ಜಪಾನಿನ ನಿಂಟೆಂಡೊ 1983ರಲ್ಲಿ ಹೊರತಂದ ಫ್ಯಾಮಿಕಾಮ್‌ನ ನಕಲು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಪೆಟ್ಟಿಗೆ ಎಂದೋ ಗುಜರಿಗೆ ಹೋಯಿತು. ಈಗ ಅದೇ ಆಟಗಳನ್ನು ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರವನ್ನು ಕಂಪ್ಯೂಟರಿನೊಳಗೆ ಅನುಕರಿಸುವ ತಂತ್ರಾಂಶದಲ್ಲಿ, ಆಡುತ್ತೇನೆ. ಆದರೆ ಸದ್ದು ಮಾತ್ರ ಬೇರೆ ಯಾರದೋ ಮನೆಯದ್ದಾಗಿತ್ತು.

ಆ ಯಂತ್ರಕ್ಕೆ ಐದು ಧ್ವನಿ ಚಾನೆಲ್‌ಗಳು. ರಾಗಕ್ಕೆ ಎರಡು ಚೌಕ ಅಲೆ, ಮಂದ್ರಕ್ಕೆ ತ್ರಿಕೋನ ಅಲೆ, ಗುಂಡು-ಸ್ಫೋಟಗಳಿಗೆ ಬರೀ ಗದ್ದಲ, ಐದನೆಯದು ಮುದ್ರಿತ ತುಣುಕುಗಳಿಗೆ. ವಿಚಿತ್ರವೆಂದರೆ ತ್ರಿಕೋನ ಅಲೆಗೆ ದನಿ ಏರಿಳಿಸುವ ವ್ಯವಸ್ಥೆಯೇ ಇಲ್ಲ. ನುಡಿದರೆ ನುಡಿಯಿತು, ಇಲ್ಲದಿದ್ದರೆ ಇಲ್ಲ. ಸಂಗೀತ ಕಟ್ಟುವವನು ಉಳಿದವನ್ನೆಲ್ಲ ಅದಕ್ಕೇ ಹೊಂದಿಸಬೇಕು, ಮನೆಯಲ್ಲಿ ಹಟಮಾರಿ ಅಜ್ಜನಿದ್ದಂತೆ! ಎಮ್ಯುಲೇಟರ್‌ನಲ್ಲಾದರೆ ಪ್ರತಿ ಚಾನೆಲ್‌ಗೂ ಒಂದು ಸ್ಲೈಡರ್. ನಾನು ಚೌಕ ಅಲೆಗಳನ್ನು ಏರಿಸುತ್ತಲೇ ಹೋದೆ.

ಅರ್ಧ ಉತ್ತರ ಸೆಟ್ಟಿಂಗ್‌ನಲ್ಲೇ ಇತ್ತು. ಅನೇಕ ನಕಲಿ ಪೆಟ್ಟಿಗೆಗಳ ಚಿಪ್‌ನಲ್ಲಿ ಚೌಕ ಅಲೆಯ ಎರಡು ಆಕಾರಗಳು, ಶೇ. 25 ಮತ್ತು ಶೇ. 50ರವು, ಅದಲುಬದಲಾಗಿದ್ದವು. ಅದನ್ನೇ ಕೇಳಿ ಬೆಳೆದವರಿಗಾಗಿ ಮೆಸೆನ್‌ನಂಥ ಎಮ್ಯುಲೇಟರ್‌ಗಳು ಆ ತಪ್ಪನ್ನೂ ಒಂದು ಆಯ್ಕೆಯಾಗಿ ಇಟ್ಟಿವೆ. ಗುರುತು ಹಾಕಿದೆ. ನಮ್ಮ ಪಡಸಾಲೆಯ ಸಂಜೆ ಹಾಗೇ ಎದ್ದುಬಂತು. ಮೂಲ ಯಂತ್ರದ್ದೇ ಸರಿಯಿರಬಹುದು, ನನಗೆ ಬೇಕಾದದ್ದು ಈ ತಪ್ಪೇ.

ಇಷ್ಟಾದರೂ ದನಿ ಮಂಕೆನಿಸುವುದು ನಿಲ್ಲಲಿಲ್ಲ. ಮಗಳ ಒತ್ತಾಯಕ್ಕೆ ಕಿವಿ ಪರೀಕ್ಷೆಗೆ ಹೋದೆ. ಕಾಗದದ ಮೇಲಿನ ಗೆರೆ ತಗ್ಗಿನ ಸ್ವರಗಳಲ್ಲಿ ನೆಟ್ಟಗಿದ್ದು, ಎತ್ತರದ ಸ್ವರಗಳಿಗೆ ಬರುತ್ತಲೇ ಕುಸಿದಿತ್ತು, ಎರಡೂ ಕಿವಿಗಳಲ್ಲಿ. ‘ಏನು ಕೆಲಸ?’ ಎಂದರು ವೈದ್ಯರು. ಮರದ ಮಿಲ್ಲು, ಇಪ್ಪತ್ತು ವರ್ಷ, ಗರಗಸದ ಪಕ್ಕ ಎಂದೆ. ಅವರು ಬರೆದುಕೊಂಡರು. ಹೋದದ್ದು ಮರಳುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದರು.

ಮನೆಯವರೆಲ್ಲ ಬಾಯೊಳಗೇ ಗೊಣಗುತ್ತಾರೆಂದು ಆರೇಳು ತಿಂಗಳಿಂದ ನಾನು ರೇಗುತ್ತಿದ್ದೆ. ಒಂದು ದಿನ ಹೆಂಡತಿ ಅತ್ತದ್ದೂ ಉಂಟು.

ಆ ರಾತ್ರಿ ಸ್ಲೈಡರ್‌ಗಳನ್ನೆಲ್ಲ ಮೊದಲಿನ ಜಾಗಕ್ಕೆ ತಂದೆ. ಈಗ ದನಿ ಹೊಂದಿಸುವವಳು ಮಗಳು. ನನಗೆ ಸ್ವಲ್ಪ ಮಂಕಾಗಿಯೇ ಕೇಳುತ್ತದೆ. ಆಡುತ್ತೇನೆ.