ಬೆತ್ತ ಬಿಟ್ಟ ಕೈ

ಹುಬ್ಬಳ್ಳಿಯ ಬಡಾವಣೆಯೊಂದರಲ್ಲಿ ಮನೆಗಳನ್ನು ಆಶೀರ್ವದಿಸಲು ಹೋಗಿದ್ದೆ. ಒಂದು ಮನೆಯ ಅಂಗಳದಲ್ಲಿ ಮುಧೋಳ ನಾಯಿಯೊಂದು ನನ್ನನ್ನು ಕಂಡು ಸಂತೋಷದಿಂದ ನೆಗೆಯಿತು. ಯಜಮಾನರು ಸರಪಳಿಯನ್ನು ಒಮ್ಮೆ ಜಗ್ಗಿದರು. ನಾಯಿ ಕುಂಯ್‌ಗುಟ್ಟುತ್ತಾ ನೆಲಕ್ಕೆ ಕುಸಿಯಿತು. ತಲೆ ಸವರಲು ಬಾಗಿದಾಗ ಕಂಡೆ: ಅದರ ಕೊರಳಪಟ್ಟಿಯ ಒಳಮೈಯಲ್ಲಿ ಸಾಲಾಗಿ ಲೋಹದ ಮುಳ್ಳುಗಳು!

"ಬ್ಯಾರೆ ದಾರಿ ಇಲ್ರಿ ಫಾದರ್. ಹೋದ ತಿಂಗಳ ಗೇಟ್ ದಾಟಿ ಓಡಿ, ಲಾರಿ ಕೆಳಗ ಸಿಗೋದು ಸ್ವಲ್ಪದಾಗ ತಪ್ಪಿತು. ಇದನ್ನ ಹಾಕಿದ ಮ್ಯಾಲ ಮಾತು ಕೇಳ್ತೈತಿ" ಎಂದರು. ಅವರು ಕ್ರೂರಿಗಳಲ್ಲ; ನಾಯಿಗೆ ಜ್ವರ ಬಂದಾಗ ರಾತ್ರಿಯಿಡೀ ಎಚ್ಚರವಿದ್ದವರು. ಆದುದರಿಂದಲೇ ಅವರ ಮಾತು ನನ್ನನ್ನು ಕಾಡಿತು.

ಇಂತಹ ಸಾಧನಗಳನ್ನು ಕಾನೂನಿನಿಂದ ನಿಷೇಧಿಸಬೇಕೇ ಎಂಬ ಚರ್ಚೆ ಹಲವು ದೇಶಗಳಲ್ಲಿ ನಡೆದಿದೆ. ವಿದ್ಯುತ್ ಆಘಾತ ನೀಡುವ ಕೊರಳಪಟ್ಟಿಯನ್ನು ವೇಲ್ಸ್ 2010ರಲ್ಲಿ ನಿಷೇಧಿಸಿತು. ಕುರಿಗಳನ್ನು ಬೆನ್ನಟ್ಟಿ ಗುಂಡಿಗೆ ಬಲಿಯಾಗುವುದಕ್ಕಿಂತ ನಾಯಿಗೆ ಕ್ಷಣದ ನೋವು ಲೇಸಲ್ಲವೇ ಎಂಬುದು ನಿಷೇಧವನ್ನು ಒಪ್ಪದವರ ವಾದ. ತಳ್ಳಿಹಾಕುವಂತಹ ವಾದವಲ್ಲ. ಆದರೆ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾನಿಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿನಿಸು, ಮೆಚ್ಚುಗೆಗಳಿಂದ ಕಲಿತ ನಾಯಿಗಳು ಕರೆದಾಗ ಬರುವುದರಲ್ಲಿ ಹಿಂದೆ ಬೀಳಲಿಲ್ಲ.

ನಮ್ಮಲ್ಲಿಯೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಿದೆ. ಅದರಡಿ 1965ರಲ್ಲಿ ಬಂದ ನಿಯಮಗಳು ಬಂಡಿಯ ಎತ್ತನ್ನು ಮೊಳೆ ಬಡಿದ ಕೋಲಿನಿಂದ ತಿವಿಯುವುದನ್ನು ನಿಷೇಧಿಸಿದವು. ಎತ್ತಿನ ಬೆನ್ನಿಗೆ ಸಲ್ಲದ ಮೊಳೆ ನಾಯಿಯ ಕೊರಳಿಗೆ ಸಲ್ಲುವುದೆಂತು? ಆದರೆ ಆ ಕಾಯಿದೆಯಲ್ಲಿ ಬರೆದಿರುವ ದಂಡ, ಮೊದಲ ಅಪರಾಧಕ್ಕೆ, ಹೆಚ್ಚೆಂದರೆ 50 ರೂಪಾಯಿ! ಇಂತಹ ಕಾನೂನು ಯಾರ ಮನಸ್ಸನ್ನು ಬದಲಿಸೀತು ಎಂದು ಕೇಳುವವರುಂಟು.

ಹಾಗೆ ಕೇಳಿದವರಲ್ಲಿ ನಾನೂ ಒಬ್ಬ. ಶಾಲೆಯೊಂದರ ವಸತಿನಿಲಯದ ಹೊಣೆ ನನ್ನ ಮೇಲಿದ್ದ ವರ್ಷಗಳಲ್ಲಿ ನನ್ನ ಮೇಜಿನ ಮೇಲೆ ಒಂದು ಬೆತ್ತವಿರುತ್ತಿತ್ತು. ಎಲ್ಲವೂ ಮಕ್ಕಳ ಒಳಿತಿಗಾಗಿ ಎಂದೇ ನಂಬಿದ್ದೆ. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದಾಗ ಸಿಡಿಮಿಡಿಗೊಂಡೆ. ಬೆತ್ತ ಕಪಾಟು ಸೇರಿತು. ಪದೇ ಪದೇ ತಪ್ಪಿಸಿಕೊಂಡು ಊರಿಗೆ ಓಡುತ್ತಿದ್ದ ಬಾಲಕನೊಬ್ಬನಿದ್ದ. ಈ ಬಾರಿ ಕೈ ಬರಿದಾಗಿತ್ತು, ವಿಧಿಯಿಲ್ಲದೆ ಅವನ ಪಕ್ಕದಲ್ಲಿ ಕುಳಿತು, "ಯಾಕೋ?" ಎಂದೆ. ಅವನ ತಾಯಿ ಹಾಸಿಗೆ ಹಿಡಿದಿದ್ದಳೆಂದು ಅಂದು ತಿಳಿಯಿತು. ಅದಕ್ಕೆ ಮೊದಲು ಎರಡು ಬಾರಿ ಅವನನ್ನು ಹೊಡೆದಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

ಪವಿತ್ರ ಗ್ರಂಥದ ಬಿಳಾಮನೂ ತನ್ನ ಕತ್ತೆಯನ್ನು ಮೂರು ಬಾರಿ ಹೊಡೆದ. ದಾರಿಯಲ್ಲಿ ನಿಂತಿದ್ದ ದೇವದೂತನನ್ನು ಕತ್ತೆ ಕಂಡಿತ್ತು, ಅವನು ಕಂಡಿರಲಿಲ್ಲ. ಕೈಯಲ್ಲಿ ಕೋಲಿದ್ದವನಿಗೆ ಕಾರಣ ಕೇಳುವ ಅಗತ್ಯ ತೋರುವುದಿಲ್ಲ. ಕಾನೂನು ಪ್ರೀತಿಯನ್ನು ಕಲಿಸಲಾರದು, ನಿಜ. ಆದರೆ ಸುಲಭದ ದಾರಿಯನ್ನು ಮುಚ್ಚಿ, ಕಷ್ಟದ ದಾರಿಯಲ್ಲಿ ನಡೆಯುವಂತೆ ಮಾಡಬಲ್ಲದು. ತಾಳ್ಮೆ ಆ ದಾರಿಯಲ್ಲಿಯೇ ಸಿಗುತ್ತದೆ.

ಆ ಯಜಮಾನರಿಗೆ ಉಪದೇಶ ಮಾಡಲಿಲ್ಲ. ನನ್ನ ಬೆತ್ತದ ಕಥೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಮುಂದಿನ ಭಾನುವಾರ ಬಲಿಪೂಜೆಯ ನಂತರ ಬಳಿಗೆ ಬಂದು, "ಗೇಟಿಗೆ ಗಟ್ಟಿ ಚಿಲಕ ಹಾಕ್ಸೇನ್ರಿ ಫಾದರ್" ಎಂದರು. ಕೊರಳಪಟ್ಟಿ ಏನಾಯಿತೆಂದು ನಾನು ಕೇಳಲಿಲ್ಲ. ಮತ್ತೊಮ್ಮೆ ಆ ಅಂಗಳಕ್ಕೆ ಕಾಲಿಟ್ಟಾಗ ನಾಯಿಯೇ ಹೇಳೀತು.