ಮಂಜುಗಡ್ಡೆಯ ಹೊಟ್ಟೆ ಏಕೆ ಬೆಳ್ಳಗೆ?

ಮಕ್ಕಳೇ, ನಿಂಬೆ ಶರಬತ್ತಿಗೆ ಹಾಕುವ ಮಂಜುಗಡ್ಡೆಯ ನಡುಭಾಗ ಬೆಳ್ಳಗಿರುವುದನ್ನು ನೀವು ನೋಡಿರಬಹುದು. ನೀರಿನಲ್ಲಿ ಗಾಳಿ ಕರಗಿರುತ್ತದೆ. ಫ್ರಿಜ್ಜಿನ ಟ್ರೇಯಲ್ಲಿ ನೀರು ಎಲ್ಲ ಬದಿಯಿಂದಲೂ ಹೆಪ್ಪುಗಟ್ಟುವುದರಿಂದ ಆ ಗಾಳಿ ನಡುವೆ ಸಿಕ್ಕಿಬಿದ್ದು ಗುಳ್ಳೆಗಳಾಗುತ್ತದೆ.

"ಕುದಿಸಿ ಆರಿಸಿದ ನೀರು ಇಡಿ, ಮಂಜುಗಡ್ಡೆ ಗಾಜಿನಂತಾಗುತ್ತದೆ" ಎಂದು ತಿಕೋಟಾದ ಒಂದು ತರಗತಿಯಲ್ಲಿ ಹೇಳಿದ್ದೆ. ಮುಂದಿನ ಭೇಟಿಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಎರಡು ಸಲ ಕುದಿಸಿ ಇಟ್ಟೇನ್ರಿ, ಆದ್ರೂ ಬೆಳ್ಳಗಽ ಆಗೇತ್ರಿ" ಎಂದಳು. ನಾನೋ, ಮಾಡಿ ನೋಡದೆಯೇ ಹೇಳಿದ್ದೆ!

ಅಂದು ರಾತ್ರಿ ವಿಜಯಪುರದ ಮನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಕುದಿಸದ ನಲ್ಲಿನೀರು ತುಂಬಿದೆ. ತಳಕ್ಕೂ ಸುತ್ತಲೂ ದಪ್ಪ ಥರ್ಮಾಕೋಲ್ ಕಟ್ಟಿ, ಬಾಯಿ ಮುಚ್ಚದೆ ಫ್ರೀಜರಿನಲ್ಲಿಟ್ಟೆ. ಈಗ ಶಾಖ ಹೆಚ್ಚಾಗಿ ಮೇಲಿನಿಂದಲೇ ಹೊರಹೋಗಬೇಕು. ಚಳಿನಾಡಿನ ಕೆರೆಗಳಂತೆ ನೀರು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತಾ ಗಾಳಿಯನ್ನೂ ಲವಣಗಳನ್ನೂ ತಳಕ್ಕೆ ತಳ್ಳುತ್ತದೆ. ಪೂರ್ತಿ ಗಟ್ಟಿಯಾಗುವ ಮೊದಲೇ ಹೊರತೆಗೆದು ತಳದ ನೀರನ್ನು ಚೆಲ್ಲಿದೆ. ಉಳಿದ ಗಡ್ಡೆಯ ಮೂಲಕ ಪತ್ರಿಕೆಯ ಅಕ್ಷರಗಳನ್ನು ಓದಬಹುದಾಗಿತ್ತು. ಒಂದು ತುಂಡನ್ನು ಅಂಗೈಯಲ್ಲಿ ಉರುಳಿಸಿ ಗುಂಡಗೆ ಮಾಡಿದೆ. ಗೋಲಕ್ಕೆ ಮೇಲ್ಮೈ ಕಡಿಮೆ, ಹಾಗಾಗಿ ಅಷ್ಟೇ ಗಾತ್ರದ ಚೌಕ ತುಂಡಿಗಿಂತ ನಿಧಾನವಾಗಿ ಕರಗುತ್ತದೆ.

ಅದನ್ನು ಥರ್ಮಾಸಿನಲ್ಲಿಟ್ಟು ತಿಕೋಟಾಕ್ಕೆ ಒಯ್ದೆ. ಆಕೆ ಬೆಳಕಿಗೆ ಹಿಡಿದು ನೋಡಿ, "ಚೆಲ್ಲಿದ ನೀರು ಉಪ್ಪಾಗಿತ್ತೇನ್ರಿ ಸರ್?" ಎಂದಳು.

ನಾನು ಅದನ್ನು ನೋಡಿರಲಿಲ್ಲ.